ಮೆಟ್ಟಿಲಿಳಿದ ನಗ್ನದೇಹ, ನಕ್ಕ ಊರು

1912ರ ಮಾರ್ಚ್. ಪ್ಯಾರಿಸ್ಸಿನ ಅಂಚಿನ ನ್ಯೂಯಿಯಲ್ಲಿದ್ದ ಮಾರ್ಸೆಲ್ ದ್ಯುಶಾಂನ ಸ್ಟುಡಿಯೋಗೆ ಅವನ ಇಬ್ಬರು ಅಣ್ಣಂದಿರು ಬಂದರು. ಒಬ್ಬ ಜಾಕ್ ವಿಯೋಂ, ಚಿತ್ರಕಾರ. ಇನ್ನೊಬ್ಬ ರೇಮೋಂ ದ್ಯುಶಾಂ-ವಿಯೋಂ, ಶಿಲ್ಪಿ. ಇಬ್ಬರೂ ಶವಸಂಸ್ಕಾರಕ್ಕೆ ಹೊರಟವರ ಹಾಗೆ ಉಡುಪು ತೊಟ್ಟಿದ್ದರು ಎಂದು ದ್ಯುಶಾಂ ಮುಂದೆ ಎಷ್ಟೋ ಸಲ ಹೇಳಿಕೊಂಡ. ಬಂದ ಕೆಲಸವೂ ಹಿತವಾದದ್ದಲ್ಲ. ಇನ್ನೇನು ತೆರೆಯಲಿದ್ದ ಸ್ವತಂತ್ರ ಕಲಾವಿದರ ಸಲೋನ್‌ನಲ್ಲಿ ಕ್ಯೂಬಿಸ್ಟರದ್ದೊಂದು ಕೋಣೆ ಇತ್ತು. ಅಲ್ಲಿಗೆ ತಮ್ಮ ಕಳಿಸಿದ್ದ ಚಿತ್ರ ಗೆಳೆಯರಿಗೆ ಸರಿಬಂದಿರಲಿಲ್ಲ. ಕನಿಷ್ಠ ಹೆಸರನ್ನಾದರೂ ಬದಲಿಸು ಎಂದು ಹೇಳಿಬರಲು ಅಣ್ಣಂದಿರನ್ನೇ ಅಟ್ಟಿದ್ದರು.

ಹೆಸರು ಬದಲಿಸುವುದು ಚೀಟಿ ಬದಲಿಸಿದಷ್ಟು ಸುಲಭವಾಗಿರಲಿಲ್ಲ. 'ಮೆಟ್ಟಿಲಿಳಿಯುತ್ತಿರುವ ನಗ್ನದೇಹ' ಎಂಬ ಶೀರ್ಷಿಕೆಯನ್ನು ದ್ಯುಶಾಂ ಕ್ಯಾನ್ವಾಸಿನ ಕೆಳಗಿನ ಎಡಮೂಲೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬಣ್ಣದಿಂದಲೇ ಬರೆದುಬಿಟ್ಟಿದ್ದ. ಅದು ಚಿತ್ರದ ಅಂಗವಾಗಿತ್ತು. ಅವನು ವಾದಕ್ಕಿಳಿಯಲಿಲ್ಲ. ಟ್ಯಾಕ್ಸಿ ಹಿಡಿದು ಪ್ರದರ್ಶನದ ಜಾಗಕ್ಕೆ ಹೋಗಿ ಚಿತ್ರವನ್ನು ಎತ್ತಿಕೊಂಡು ಮನೆಗೆ ತಂದ. ಆಗ ಅವನಿಗೆ 24 ವರ್ಷ.

ಸ್ವತಂತ್ರ ಕಲಾವಿದರ ಸಲೋನ್ 1884ರಲ್ಲಿ ಹುಟ್ಟಿದ್ದೇ ತೀರ್ಪುಗಾರರೂ ಬೇಡ, ಬಹುಮಾನವೂ ಬೇಡ ಎಂಬ ಪಟ್ಟಿನಿಂದ. ಶುಲ್ಕ ಕಟ್ಟಿದ ಯಾರ ಚಿತ್ರವನ್ನಾದರೂ ತೂಗುಹಾಕಬೇಕು, ಅಷ್ಟೆ. ಅಂಥ ಕಡೆಯೂ ದ್ಯುಶಾಂನ ಚಿತ್ರ ಉಳಿಯಲಿಲ್ಲ. ಹೊರಗೆ ಹಾಕಿದವರು ಅಕಾಡೆಮಿಯ ಗಡ್ಡಧಾರಿ ಮುದುಕರಾಗಿದ್ದರೆ ಅದು ಕಲೆಯ ಚರಿತ್ರೆಯಲ್ಲಿ ಮಾಮೂಲಿ ಪ್ರಸಂಗವಾಗುತ್ತಿತ್ತು. ಆದರೆ ಹೊರಗೆ ಹಾಕಿದ ಆಲ್ಬೆರ್ ಗ್ಲೇಜ್, ಜ್ಯಾಂ ಮೆಟ್ಸಿಂಗರ್ ಮತ್ತವರ ಜೊತೆಗಾರರು ಆ ಹೊತ್ತಿಗೆ ಪ್ಯಾರಿಸ್ಸಿನ ಅತ್ಯಂತ ಹೊಸ ಚಿತ್ರಕಾರರು. ಹಿಂದಿನ ವರ್ಷವಷ್ಟೇ ಇದೇ ಸಲೋನ್‌ನ 41ನೇ ಕೋಣೆಯಲ್ಲಿ ತಮ್ಮ ಚಿತ್ರಗಳಿಗೆ ಜನ ನಕ್ಕಿದ್ದನ್ನು ಉಂಡು ಎದ್ದವರು.

ಈ ಚಿತ್ರದ ಹೆಸರು ಲೋಕದಲ್ಲೆಲ್ಲ ಹರಡಿದ್ದು ಮಾತ್ರ ಇನ್ನೊಂದು ನಗುವಿನಿಂದ, ಅದೂ ಒಂದು ವರ್ಷ ಕಳೆದ ಮೇಲೆ ನ್ಯೂಯಾರ್ಕಿನಲ್ಲಿ. ಆ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ನಮಗೆಲ್ಲ ಗೊತ್ತು. ಅರಿಯದ ಜನ ನಕ್ಕರು, ಅರಿತ ಕೆಲವರು ಮೆಚ್ಚಿದರು, ಕಾಲ ಅರಿತವರ ಪಕ್ಷ ವಹಿಸಿತು. ನನಗೆ ಈ ಕಥನದ ಬಗ್ಗೆ ತಕರಾರಿದೆ. ನಕ್ಕವರು ಚಿತ್ರದ ಮುಂದೆ ನಿಂತು ಅದರಲ್ಲಿ ಏನನ್ನೋ ಹುಡುಕಿದರು. ಕ್ಯೂಬಿಸ್ಟ್ ಗೆಳೆಯರು ನಗಲೂ ಇಲ್ಲ, ಹುಡುಕಲೂ ಇಲ್ಲ. ಚಿತ್ರವನ್ನು ಹೆಚ್ಚು ಸರಿಯಾಗಿ ಓದಿದವರು ನ್ಯೂಯಾರ್ಕಿನ ಪತ್ರಿಕೆಗಳ ವ್ಯಂಗ್ಯಚಿತ್ರಕಾರರೇ ಎನ್ನುವುದು ನನ್ನ ಅನಿಸಿಕೆ.

ಮೊದಲು ಚಿತ್ರ. ಎತ್ತರ 147 ಸೆಂಟಿಮೀಟರ್, ಅಗಲ ಸುಮಾರು 89. ಬಣ್ಣಗಳೆಂದರೆ ಕಾವಿ, ಕಂದು, ಒಣಗಿದ ಹುಲ್ಲಿನ ಹಳದಿ, ಅಂಚಿನಲ್ಲಿ ಕಪ್ಪು. ಮಾಂಸದ ಗುಲಾಬಿ ಎಲ್ಲಿಯೂ ಇಲ್ಲ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಯ ಕಡೆಗೆ ಒಂದು ಆಕೃತಿ ಇಳಿಯುತ್ತದೆ. ಒಂದೇ ಆಕೃತಿ ಇಸ್ಪೀಟಿನ ಎಲೆಗಳನ್ನು ಕೈಯಲ್ಲಿ ಹರಡಿ ಹಿಡಿದಂತೆ ಒಂದರ ಹಿಂದೊಂದು, ಅರ್ಧರ್ಧ ಮುಚ್ಚಿಕೊಂಡು, ಹಲವು ಸಲ ಕಾಣುತ್ತದೆ. ತಲೆ ಎನ್ನಬಹುದಾದ ಜಾಗದಲ್ಲಿ ಕೆಲವು ಬಾಗಿದ ಚೂರುಗಳಿವೆ, ಮುಖವಿಲ್ಲ. ತೊಡೆ, ಮೊಣಕಾಲು, ಕಣಕಾಲುಗಳೆಲ್ಲ ಕೊಳವೆ ಮತ್ತು ಹಲಗೆಗಳಾಗಿವೆ. ಸೊಂಟದ ಹತ್ತಿರ ಬಿಳಿ ಚುಕ್ಕೆಗಳ ಸಾಲು ಕಮಾನಿನಂತೆ ಬಾಗಿದೆ. ಮೈ ತಿರುಗುವುದು ಅಲ್ಲಿ. ಮೆಟ್ಟಿಲುಗಳು ಎಡಬದಿಯ ಕೆಳಗೆ ಸ್ಪಷ್ಟವಾಗಿಯೇ ಇವೆ, ಕೈಹಿಡಿಯ ಕಂಬದ ಗುಂಡುತಲೆಯೂ ಇದೆ. ಗಂಡೋ ಹೆಣ್ಣೋ ಹೇಳುವ ಗುರುತು ಒಂದೂ ಇಲ್ಲ. ಬಟ್ಟೆಯಿಲ್ಲ ಎಂಬುದನ್ನು ಕೂಡ ನಾವು ನಂಬುವುದು ಮೂಲೆಯಲ್ಲಿ ಬರೆದ ಅಕ್ಷರಗಳ ಭರವಸೆಯ ಮೇಲೆ.

ಕಣ್ಣು ಇದರ ಮುಂದೆ ವಿಚಿತ್ರವಾಗಿ ನಡೆದುಕೊಳ್ಳುತ್ತದೆ. ಯಾವುದೋ ಒಂದು ಹಂತದಲ್ಲಿ ದೇಹವನ್ನು ಹಿಡಿಯೋಣವೆಂದರೆ ಅಂಚುಗಳು ಪಕ್ಕದ ಹಂತಕ್ಕೆ ಜಾರಿಹೋಗುತ್ತವೆ. ಒಂದೊಂದನ್ನೇ ಬಿಡಿಸಿಕೊಳ್ಳುವ ಪ್ರಯತ್ನವನ್ನು ಕೈಬಿಟ್ಟು ಒಟ್ಟಾಗಿ ನೋಡಿದಾಗ ಇಳಿತ ಕಾಣುತ್ತದೆ: ಭಾರ ಮುಂದಕ್ಕೆ ಬೀಳುವುದು, ಮೊಣಕಾಲು ಅದನ್ನು ತಡೆಯುವುದು, ಮತ್ತೆ ಬೀಳುವುದು. ಇಳಿತವನ್ನು ಹಿಡಿದರೆ ಇಳಿಯುವವರು ಸಿಕ್ಕುವುದಿಲ್ಲ, ಇಳಿಯುವವರನ್ನು ಹುಡುಕಿದರೆ ಇಳಿತ ನಿಂತುಬಿಡುತ್ತದೆ. ಈ ಕಣ್ಣಾಮುಚ್ಚಾಲೆ ಚಿತ್ರದ ದೋಷವಲ್ಲ. ದ್ಯುಶಾಂ ಕಟ್ಟಿದ್ದೇ ಅದನ್ನು.

ಇಂಥದ್ದು ಅವನಿಗೆ ಹೊಳೆದದ್ದಾದರೂ ಹೇಗೆ? ದ್ಯುಶಾಂ 1887ರ ಜುಲೈ 28ರಂದು ನಾರ್ಮಂಡಿಯ ಬ್ಲ್ಯಾಂವಿಲ್ ಎಂಬ ಹಳ್ಳಿಯಲ್ಲಿ ನೋಟರಿಯೊಬ್ಬರ ಮಗನಾಗಿ ಹುಟ್ಟಿದ. ತಾಯಿಯ ತಂದೆ ಎಚಿಂಗ್ ಚಿತ್ರಗಳನ್ನು ಮಾಡುತ್ತಿದ್ದವರು. ಮನೆಯ ಮಕ್ಕಳಲ್ಲಿ ಇಬ್ಬರು ಅಣ್ಣಂದಿರು, ತಂಗಿ ಸ್ಯುಝಾನ್, ಇವನು, ಒಟ್ಟು ನಾಲ್ವರು ಕಲೆಗೆ ಇಳಿದರು. 1904ರಲ್ಲಿ ಪ್ಯಾರಿಸ್ಸಿಗೆ ಬಂದು ಒಂದಷ್ಟು ದಿನ ಅಕಾಡೆಮಿ ಜೂಲಿಯಾಂನಲ್ಲಿ ಕಲಿತ. ಅದಕ್ಕಿಂತ ಮುಖ್ಯ, ಅಣ್ಣ ವಿಯೋಂನ ಹಾಗೆ ಹಾಸ್ಯಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದು ಕಾಸು ಸಂಪಾದಿಸಿದ. ಹಾಸ್ಯ ಕಲಾವಿದರ ಪ್ರದರ್ಶನದಲ್ಲಿ ಅವನ ಚಿತ್ರಗಳು ತೂಗಿದವು. ವ್ಯಂಗ್ಯಚಿತ್ರಕ್ಕೆ ಎರಡು ಅಂಗ, ಚಿತ್ರ ಮತ್ತು ಅದರ ಅಡಿಯ ಸಾಲು. ಇವೆರಡೂ ಒಂದನ್ನೊಂದು ಕೆಣಕಿದಾಗಲೇ ಅಲ್ಲಿ ಕಿಡಿ. ಎಣ್ಣೆಬಣ್ಣದ ದೊಡ್ಡ ಚಿತ್ರದ ಮೇಲೆ ಶೀರ್ಷಿಕೆಯನ್ನು ದಪ್ಪಗೆ ಬರೆಯುವ ಅಭ್ಯಾಸ ದ್ಯುಶಾಂಗೆ ಬಂದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ, ಈ ಕಸುಬಿನಿಂದ ಎಂದೇ ನನಗೆ ತೋರುತ್ತದೆ. ವ್ಯಂಗ್ಯಚಿತ್ರದಿಂದ ಕ್ಯೂಬಿಸಮ್ಮಿಗೆ ದೂರ ನಾವು ಅಂದುಕೊಂಡಷ್ಟಿಲ್ಲ. ಕಲ್ಕತ್ತದ ಗಗನೇಂದ್ರನಾಥ ಟಾಗೋರರು 1917ರ ಸುಮಾರಿಗೆ ಸಮಾಜವನ್ನು ಚುಚ್ಚುವ ವ್ಯಂಗ್ಯಚಿತ್ರಗಳ ಸಂಪುಟ ತಂದವರು, ಐದೇ ವರ್ಷದಲ್ಲಿ ಕ್ಯೂಬಿಸ್ಟ್ ಚಿತ್ರಗಳಿಗೆ ಹೊರಳಿದರು.

ಇನ್ನೊಂದು ಬೇರು ವಿಜ್ಞಾನದ್ದು. ಎತಿಯೆನ್-ಜೂಲ್ ಮರೇ ಎಂಬ ಫ್ರೆಂಚ್ ಶರೀರವಿಜ್ಞಾನಿ 1880ರ ದಶಕದಲ್ಲಿ ಒಂದೇ ಗಾಜಿನ ಫಲಕದ ಮೇಲೆ ಚಲನೆಯ ಹಲವು ಕ್ಷಣಗಳನ್ನು ಒಟ್ಟಿಗೆ ಹಿಡಿಯುವ ಛಾಯಾಗ್ರಹಣ ವಿಧಾನ ಕಂಡುಹಿಡಿದ. ನಡೆಯುವ ಮನುಷ್ಯನಿಗೆ ಮೈತುಂಬ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಬಿಳಿ ಪಟ್ಟಿ, ಕೀಲುಗಳ ಮೇಲೆ ಬಿಳಿ ಗುಂಡಿ ಅಂಟಿಸಿದ. ಕಪ್ಪು ಹಿನ್ನೆಲೆಯ ಮುಂದೆ ಅವನು ನಡೆದರೆ ಫಲಕದಲ್ಲಿ ಮೈ ಮಾಯವಾಗಿ ಗೆರೆ ಮತ್ತು ಚುಕ್ಕೆಗಳ ಸಾಲಷ್ಟೇ ಉಳಿಯುತ್ತಿತ್ತು. ದ್ಯುಶಾಂ ತನ್ನ ಋಣವನ್ನು ಮುಚ್ಚಿಡಲಿಲ್ಲ. ಸೊಂಟದ ಬಳಿಯ ಚುಕ್ಕೆಗಳು ನೇರವಾಗಿ ಮರೇಯ ಪಾಠ. ಅತ್ತ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಒಂದೊಂದು ಕ್ಷಣವನ್ನು ಬೇರೆಬೇರೆ ಚೌಕಟ್ಟಿನಲ್ಲಿ ಹಿಡಿದು 1887ರಲ್ಲಿ 781 ಫಲಕಗಳ ಬೃಹತ್ ಸಂಗ್ರಹ ಪ್ರಕಟಿಸಿದ್ದ. ಅದರಲ್ಲಿ ಮೆಟ್ಟಿಲಿಳಿಯುವ ನಗ್ನ ಹೆಂಗಸರೂ ಇದ್ದಾರೆ. ಮರೇ ಮತ್ತು ಮೈಬ್ರಿಜ್ ನಡುವಣ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಮೈಬ್ರಿಜ್‌ನಲ್ಲಿ ಪ್ರತಿ ಚೌಕಟ್ಟಿನಲ್ಲೂ ಇಡೀ ದೇಹ ಇರುತ್ತದೆ, ಚಲನೆಯನ್ನು ನಾವು ಊಹಿಸಿಕೊಳ್ಳಬೇಕು. ಮರೇಯಲ್ಲಿ ಚಲನೆ ಎದುರಿಗಿರುತ್ತದೆ, ದೇಹವನ್ನು ಊಹಿಸಿಕೊಳ್ಳಬೇಕು. ದ್ಯುಶಾಂ ಆರಿಸಿಕೊಂಡದ್ದು ಎರಡನೆಯದನ್ನು.

ಸಾಹಿತ್ಯದ ಬೇರೂ ಒಂದಿದೆ. 1911ರಲ್ಲಿ ಅವನು ಜೂಲ್ ಲಾಫೋರ್ಗ್ ಎಂಬ ಕವಿಯ ಕವಿತೆಗಳಿಗೆ ರೇಖಾಚಿತ್ರ ಬರೆಯುತ್ತಿದ್ದ. ಅವುಗಳಲ್ಲೊಂದರಲ್ಲಿ ಮೆಟ್ಟಿಲು ಹತ್ತುವ ಆಕೃತಿಯಿದೆ. ಅದೇ ತಿರುಗಿ ಇಳಿಯತೊಡಗಿತು. ವರ್ಷದ ಕೊನೆಗೆ ಮೊದಲ ಕರಡು ಬಣ್ಣದಲ್ಲಿ ಸಿದ್ಧವಾಯಿತು, 1912ರ ಜನವರಿಯಲ್ಲಿ ನಾವೀಗ ಮಾತಾಡುತ್ತಿರುವ ಎರಡನೆಯ ಚಿತ್ರ.

ಗೆಳೆಯರಿಗೆ ಇದರಲ್ಲಿ ಕಹಿಯಾದದ್ದೇನು? ಅಣ್ಣಂದಿರ ಮನೆ ಪ್ಯುತೋ ಎಂಬ ಉಪನಗರದಲ್ಲಿತ್ತು. ಭಾನುವಾರ ಅಲ್ಲಿನ ತೋಟದಲ್ಲಿ ಗ್ಲೇಜ್, ಮೆಟ್ಸಿಂಗರ್, ಲೆಜೆ ಮೊದಲಾದವರು ಸೇರಿ ಗಣಿತ, ನಾಲ್ಕನೆಯ ಆಯಾಮ, ಸುವರ್ಣ ಅನುಪಾತ ಎಂದೆಲ್ಲ ಚರ್ಚಿಸುತ್ತಿದ್ದರು. ಕ್ಯೂಬಿಸಮ್ಮಿಗೆ ಶಾಸ್ತ್ರ ಬರೆಯುವ ಹವಣಿಕೆಯಲ್ಲಿದ್ದರು ಗ್ಲೇಜ್ ಮತ್ತು ಮೆಟ್ಸಿಂಗರ್. ಆ ವರ್ಷದ ಕೊನೆಯೊಳಗೆ ಇಬ್ಬರೂ ಕೂಡಿ ಪುಸ್ತಕವನ್ನೇ ಪ್ರಕಟಿಸಿದರು. ಶಾಸ್ತ್ರದ ಪ್ರಕಾರ ನೋಡುವವನು ವಸ್ತುವಿನ ಸುತ್ತ ಸುಳಿಯಬಹುದು, ವಸ್ತು ಮಾತ್ರ ಗಂಭೀರವಾಗಿ ಕೂತಿರಬೇಕು. ದ್ಯುಶಾಂನ ಚಿತ್ರದಲ್ಲಿ ವಸ್ತುವೇ ಎದ್ದು ನಡೆದಿತ್ತು. ಸಾಲದೆಂಬಂತೆ ಫೆಬ್ರವರಿಯಲ್ಲಿ ಇಟಲಿಯ ಫ್ಯೂಚರಿಸ್ಟರು ಪ್ಯಾರಿಸ್ಸಿನ ಬರ್ನ್‌ಹೈಮ್-ಜ್ಯೂನ್ ಗ್ಯಾಲರಿಗೆ ಬಂದು, ವೇಗವೇ ಕಲೆ ಎಂದು ಕೂಗಿ, ಕ್ಯೂಬಿಸ್ಟರನ್ನು ಹಳಬರೆಂದು ಮೂದಲಿಸಿ ಹೋಗಿದ್ದರು. ತಮ್ಮದೇ ಕೋಣೆಯಲ್ಲಿ ಚಲನೆಯ ಚಿತ್ರ ತೂಗಿದರೆ ಶತ್ರುವಿನ ಬಾವುಟ ಹಾರಿಸಿದಂತೆ ಅವರಿಗೆ ಕಂಡಿರಬೇಕು. ತಮಾಷೆಯೆಂದರೆ ಫ್ಯೂಚರಿಸ್ಟರ ಮನೆಯಲ್ಲೂ ಈ ಚಿತ್ರಕ್ಕೆ ಜಾಗವಿರಲಿಲ್ಲ. ಚಿತ್ರಕಲೆಯಲ್ಲಿ ನಗ್ನದೇಹವನ್ನು ಹತ್ತು ವರ್ಷ ಸಂಪೂರ್ಣ ನಿಷೇಧಿಸಬೇಕೆಂದು 1910ರ ತಮ್ಮ ಪ್ರಣಾಳಿಕೆಯಲ್ಲೇ ಅವರು ಒತ್ತಾಯಿಸಿದ್ದರು.

ಶೀರ್ಷಿಕೆಯ ಬಗೆಗಿನ ಆಕ್ಷೇಪಕ್ಕೆ ಇನ್ನೂ ಹಳೆಯ ಹಿನ್ನೆಲೆಯಿದೆ. ಯುರೋಪಿನ ಚಿತ್ರಕಲೆಯಲ್ಲಿ ನಗ್ನದೇಹಕ್ಕೆ ಕೆಲವು ಒಪ್ಪಿತ ಭಂಗಿಗಳಿದ್ದವು: ಮಲಗುವುದು, ಒರಗುವುದು, ಮೀಯುವುದು, ಸುಮ್ಮನೆ ನಿಲ್ಲುವುದು. ಟಿಷಿಯನ್ನನ ವೀನಸ್ ಹಾಸಿಗೆಯ ಮೇಲಿದ್ದಾಳೆ. 1865ರಲ್ಲಿ ಪ್ಯಾರಿಸ್ಸನ್ನು ರೇಗಿಸಿದ ಮನೇಯ ಒಲಿಂಪಿಯಾಳೂ ಹಾಸಿಗೆಯ ಮೇಲೆಯೇ ಇದ್ದಾಳೆ, ನೋಟವಷ್ಟೇ ದಿಟ್ಟ. ನಗ್ನದೇಹ ನೋಡುವವನಿಗಾಗಿ ಕಾದಿರುತ್ತದೆ ಎಂಬ ಕರಾರನ್ನು ಅವಳೂ ಪೂರ್ತಿ ಮುರಿಯಲಿಲ್ಲ. ದ್ಯುಶಾಂನ ಆಕೃತಿಗೆ ಬೇರೆ ಕೆಲಸವಿದೆ. ಅದು ಮೆಟ್ಟಿಲಿಳಿದು ಎಲ್ಲಿಗೋ ಹೊರಟಿದೆ, ನಮ್ಮ ಕಡೆ ತಿರುಗಿ ನೋಡಲು ಅದಕ್ಕೆ ಕಣ್ಣೂ ಇಲ್ಲ. ನಗ್ನದೇಹ ಮೆಟ್ಟಿಲಿಳಿಯಬಾರದು, ಒರಗಿರಬೇಕು ಎಂಬುದೇ ಗೆಳೆಯರ ಗೊಣಗಾಟದ ತಿರುಳಾಗಿತ್ತೆಂದು ದ್ಯುಶಾಂ ನೆನೆಯುತ್ತಿದ್ದ. ಎಲ್ಲ ಕಟ್ಟಳೆಗಳನ್ನು ಒಡೆದೆವೆಂದು ಬೀಗುತ್ತಿದ್ದವರಿಗೂ ಈ ಕಟ್ಟಳೆ ಕಣ್ಣಿಗೇ ಬಿದ್ದಿರಲಿಲ್ಲ.

ಕೆಲವೇ ವಾರಗಳಲ್ಲಿ ಚಿತ್ರ ಬಾರ್ಸಿಲೋನಾದ ದಲ್ಮಾವ್ ಗ್ಯಾಲರಿಯಲ್ಲಿ ತೂಗಿತು. ಅಕ್ಟೋಬರಿನಲ್ಲಿ ಪ್ಯುತೋ ಬಳಗವೇ ಪ್ಯಾರಿಸ್ಸಿನಲ್ಲಿ 'ಸೆಕ್ಸ್ಯೋಂ ದೋರ್' ಪ್ರದರ್ಶನ ನಡೆಸಿದಾಗ ಅಲ್ಲಿಯೂ ತೂಗಿತು, ಅದೇ ಹೆಸರು, ಅದೇ ಅಕ್ಷರಗಳೊಂದಿಗೆ. ಯಾರೂ ಚಕಾರವೆತ್ತಲಿಲ್ಲ. ಏಳು ತಿಂಗಳಲ್ಲಿ ಕರಗಿಹೋಗುವ ತತ್ವಕ್ಕಾಗಿ ತಮ್ಮನ ಬಳಿಗೆ ಅಣ್ಣಂದಿರನ್ನು ಕಳಿಸಿದ್ದರು. ದ್ಯುಶಾಂ ಮಾತ್ರ ಮರೆಯಲಿಲ್ಲ. ಗುಂಪುಗಳಿಂದ ತನ್ನನ್ನು ಬಿಡಿಸಿದ್ದು ಆ ಘಟನೆಯೇ ಎಂದು ಕೊನೆಯವರೆಗೂ ಹೇಳಿದ.

ಆ ಹೊತ್ತಿಗೆ ಅಮೆರಿಕದಿಂದ ಗಿರಾಕಿಗಳು ಹೊರಟಿದ್ದರು. ಅಮೆರಿಕನ್ ಚಿತ್ರಕಾರರ ಮತ್ತು ಶಿಲ್ಪಿಗಳ ಸಂಘವೊಂದು ನ್ಯೂಯಾರ್ಕಿನಲ್ಲಿ ದೊಡ್ಡ ಪ್ರದರ್ಶನ ನಡೆಸಲು ನಿಶ್ಚಯಿಸಿತ್ತು. ಕಾರ್ಯದರ್ಶಿ ವಾಲ್ಟ್ ಕ್ಯೂನ್ 1912ರ ಶರತ್ಕಾಲದಲ್ಲಿ ಹಡಗು ಹತ್ತಿ ಜರ್ಮನಿಯ ಕಲೋನ್‌ನಲ್ಲಿ ನಡೆಯುತ್ತಿದ್ದ ಆಧುನಿಕ ಕಲೆಯ ಮಹಾಪ್ರದರ್ಶನವನ್ನು ಅದರ ಕೊನೆಯ ದಿನ ಹೋಗಿ ಮುಟ್ಟಿದ. ವ್ಯಾನ್ ಗೋ, ಸೆಜಾನ್, ಮುಂಕ್ ಎಲ್ಲರನ್ನೂ ಒಂದೇ ಸೂರಿನಡಿ ಕಂಡು ತಲೆ ತಿರುಗಿತು. ಪ್ಯಾರಿಸ್ಸಿನಲ್ಲಿ ಸಂಘದ ಅಧ್ಯಕ್ಷ ಆರ್ಥರ್ ಡೇವಿಸ್ ಬಂದು ಸೇರಿಕೊಂಡ. ಅಲ್ಲಿಯೇ ನೆಲೆಸಿದ್ದ ವಾಲ್ಟರ್ ಪಾಕ್ ಎಂಬ ಅಮೆರಿಕನ್ ಕಲಾವಿದ ಇಬ್ಬರನ್ನೂ ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆಸಿದ. ಪ್ಯುತೋದ ಸಹೋದರರ ಕೆಲಸವನ್ನು ನೋಡಿದ್ದು ಹಾಗೆ. ಕಿರಿಯವನಿಂದ ನಾಲ್ಕು ಚಿತ್ರ ಆರಿಸಿಕೊಂಡರು. ಮೆಟ್ಟಿಲಿಳಿಯುವುದು ಅದರಲ್ಲೊಂದು.

ಪ್ರದರ್ಶನ 1913ರ ಫೆಬ್ರವರಿ 17ರಂದು ತೆರೆಯಿತು. ಜಾಗ ಲೆಕ್ಸಿಂಗ್ಟನ್ ಅವೆನ್ಯೂನಲ್ಲಿದ್ದ 69ನೇ ರೆಜಿಮೆಂಟಿನ ಆರ್ಮರಿ, ಅಂದರೆ ಸೈನಿಕರು ಕವಾಯತು ನಡೆಸುವ ವಿಶಾಲವಾದ ಹಜಾರ. ಅದನ್ನೇ ಗೋಣಿಬಟ್ಟೆ ಹೊದಿಸಿದ ತಡಿಕೆಗಳಿಂದ ಹದಿನೆಂಟು ಎಂಟುಮೂಲೆಯ ಕೋಣೆಗಳಾಗಿ ವಿಂಗಡಿಸಿ, ಪೈನ್ ಮರದ ಕೊಂಬೆಗಳಿಂದ ಸಿಂಗರಿಸಿದ್ದರು. ಸುಮಾರು 1300 ಕೃತಿಗಳು. ಮೂರರಲ್ಲಿ ಎರಡು ಪಾಲು ಅಮೆರಿಕನ್ನರವೇ ಆಗಿದ್ದರೂ ಜನ ನುಗ್ಗಿದ್ದು ಕ್ಯೂಬಿಸ್ಟರ ಕೋಣೆಗೆ. ಪತ್ರಿಕೆಗಳು ಅದನ್ನು ಭೀತಿಯ ಕೋಣೆ ಎಂದು ಕರೆದವು. ಅಲ್ಲಿ ಮೆಟ್ಟಿಲಿಳಿಯುವ ನಗ್ನದೇಹದ ಮುಂದೆ ಸದಾ ನೂಕುನುಗ್ಗಲು.

ನಗು ಶುರುವಾದದ್ದು ಅಲ್ಲಿಂದ. ಮಾಡಿಗೆ ಹೊದಿಸುವ ಮರದ ಬಿಲ್ಲೆಗಳ ಕಾರ್ಖಾನೆಯಲ್ಲಿ ಸ್ಫೋಟವಾದಂತಿದೆ ಎಂದು ಒಬ್ಬರು ಬರೆದರು. ಆ ಮಾತು ಜೂಲಿಯನ್ ಸ್ಟ್ರೀಟ್ ಎಂಬ ಪತ್ರಕರ್ತನ ಹೆಸರಿಗೆ ಅಂಟಿಕೊಂಡು ಇಂದಿಗೂ ಉಳಿದಿದೆ. 'ಅಮೆರಿಕನ್ ಆರ್ಟ್ ನ್ಯೂಸ್' ಪತ್ರಿಕೆ ಚಿತ್ರದಲ್ಲಿ ಹೆಂಗಸನ್ನು ಹುಡುಕಿಕೊಟ್ಟವರಿಗೆ ಹತ್ತು ಡಾಲರ್ ಬಹುಮಾನವೆಂದು ಸಾರಿತು. ಗೆದ್ದದ್ದು ಒಂದು ಪದ್ಯ. ಹುಡುಕಿ ಸೋತಿರಾ, ಅದು ಹೆಂಗಸೇ ಅಲ್ಲ, ಗಂಡಸು ಎಂಬುದು ಅದರ ಉತ್ತರ. ಮಾರ್ಚ್ 20ರ 'ಈವ್ನಿಂಗ್ ಸನ್'ನಲ್ಲಿ ಗ್ರಿಸ್ವೋಲ್ಡ್ ಎಂಬ ವ್ಯಂಗ್ಯಚಿತ್ರಕಾರ ಸುರಂಗ ರೈಲಿನ ನಿಲ್ದಾಣದಲ್ಲಿ ಸಂಜೆಯ ದಟ್ಟಣೆಯ ಹೊತ್ತು ಒಬ್ಬರ ಮೇಲೊಬ್ಬರು ಮೆಟ್ಟಿಲಿಳಿಯುವ ಒರಟು ಜನರನ್ನು ದ್ಯುಶಾಂನ ಶೈಲಿಯಲ್ಲೇ ಬರೆದ. ಮೊಣಕೈ, ಟೋಪಿ, ಮೂಗು, ಛತ್ರಿಗಳೆಲ್ಲ ಮೂಲೆಮೂಲೆಯಾಗಿ ಕೆಳಗೆ ಉರುಳುತ್ತಿವೆ.

ಥಿಯೋಡರ್ ರೂಸ್‌ವೆಲ್ಟ್ ಬಂದದ್ದು ಮಾರ್ಚ್ 4ರಂದು. ಅದೇ ದಿನ ವಾಷಿಂಗ್ಟನ್ನಿನಲ್ಲಿ ವುಡ್ರೋ ವಿಲ್ಸನ್ ಅಧ್ಯಕ್ಷಪದದ ಪ್ರಮಾಣ ಸ್ವೀಕರಿಸುತ್ತಿದ್ದ. ಚುನಾವಣೆ ಸೋತ ಮಾಜಿ ಅಧ್ಯಕ್ಷನಿಗೆ ಊರಾಚೆ ಇರಲು ಒಳ್ಳೆಯ ನೆಪ. 'ಔಟ್‌ಲುಕ್' ಪತ್ರಿಕೆಗೆ ಅವನು ಬರೆದ ಲೇಖನ ಮಜವಾಗಿದೆ. ಹೊಸತನ್ನು ತೋರಿಸಿದ್ದಕ್ಕೆ ಸಂಘಟಕರನ್ನು ಮೆಚ್ಚುತ್ತಾನೆ. ಆದರೆ ದ್ಯುಶಾಂನ ಚಿತ್ರಕ್ಕಿಂತ ತನ್ನ ಸ್ನಾನದ ಮನೆಯಲ್ಲಿರುವ ನವಾಹೋ ಬುಡಕಟ್ಟಿನ ನೇಯ್ಗೆಯ ಜಮಖಾನೆ ಎಷ್ಟೋ ವಾಸಿ ಎನ್ನುತ್ತಾನೆ. ಚಿತ್ರದ ಹೆಸರನ್ನು ಬೆತ್ತಲೆ ಗಂಡಸು ಎಂದು ಬದಲಿಸಿಯೂ ಬಿಡುತ್ತಾನೆ. ಜಮಖಾನೆಯ ಹೋಲಿಕೆಯನ್ನು ಮುಂದಿನ ವಿಮರ್ಶಕರು ಅವನ ಒಡ್ಡತನಕ್ಕೆ ಸಾಕ್ಷಿಯಾಗಿ ಉದ್ಧರಿಸುತ್ತ ಬಂದರು. ನವಾಹೋ ನೇಯ್ಗೆಯ ಜ್ಯಾಮಿತಿಗೂ ಈ ಚಿತ್ರದ ಮೂಲೆಮೂಲೆಗಳಿಗೂ ಸಂಬಂಧ ಕಂಡದ್ದು ಒಡ್ಡತನ ಹೇಗಾದೀತೋ ನನಗೆ ತಿಳಿಯದು. ತೀರ್ಪು ಏನೇ ಇರಲಿ, ಅವನ ಕಣ್ಣು ಕೆಲಸ ಮಾಡಿತ್ತು.

ನಕ್ಕವರ ಮಾತುಗಳನ್ನು ಒಂದೊಂದಾಗಿ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಸ್ಫೋಟ ಎಂದವರು ಕಂಡದ್ದೇನು? ಒಂದೇ ವಸ್ತುವಿನ ಚೂರುಗಳು ಒಂದೇ ಕಡೆಗೆ ಹಾರುತ್ತಿರುವುದನ್ನು, ಗಾಳಿಯಲ್ಲಿ ಇನ್ನೂ ನೆಲೆಗೊಳ್ಳದಿರುವುದನ್ನು. ಮರ ಎಂದವರು ಮಾಂಸದ ಬಣ್ಣ ಇಲ್ಲದಿರುವುದನ್ನು ಸರಿಯಾಗಿಯೇ ಗುರುತಿಸಿದರು, ಕಾರ್ಖಾನೆ ಎಂದು ಸೇರಿಸಿದಾಗ ಯಂತ್ರದ ವಾಸನೆಯನ್ನೂ ಹಿಡಿದರು. ಈ ಚಿತ್ರದ ನಂತರ ದ್ಯುಶಾಂ ಹೊರಳಿದ್ದು ಚಾಕೊಲೇಟ್ ಅರೆಯುವ ಯಂತ್ರದಂಥ ವಸ್ತುಗಳ ಕಡೆಗೇ. ಹೆಂಗಸನ್ನು ಹುಡುಕಿ ಎಂದ ಪತ್ರಿಕೆ ಚಿತ್ರ ಕೇಳುವ ಪ್ರಶ್ನೆಯನ್ನೇ ಕೇಳಿತು. ಬಹುಮಾನ ಗೆದ್ದ ಪದ್ಯ ಅದಕ್ಕೆ ಚೇಷ್ಟೆಯ ಉತ್ತರ ಕೊಟ್ಟಿತು. ಮುಂದೆ ಮೋನಾಲಿಸಾಳ ಪ್ರತಿಗೆ ಮೀಸೆ ಬರೆದು, ತಾನೇ ಹೆಣ್ಣುಡುಗೆ ತೊಟ್ಟು ಬೇರೊಂದು ಹೆಸರಿನಲ್ಲಿ ಫೋಟೋ ತೆಗೆಸಿಕೊಳ್ಳಲಿದ್ದ ಮನುಷ್ಯನಿಗೆ ಅದಕ್ಕಿಂತ ಒಪ್ಪುವ ಉತ್ತರ ಸಿಗುವುದು ಕಷ್ಟ.

ಎಲ್ಲಕ್ಕಿಂತ ಮೇಲು ಸುರಂಗ ರೈಲಿನ ವ್ಯಂಗ್ಯಚಿತ್ರ. ನ್ಯೂಯಾರ್ಕಿನಲ್ಲಿ ಸುರಂಗ ರೈಲು ಓಡತೊಡಗಿ ಆಗ ಒಂಬತ್ತು ವರ್ಷವೂ ತುಂಬಿರಲಿಲ್ಲ. ನೂರಾರು ಜನ ದಿನಕ್ಕೆರಡು ಸಲ ಒಂದೇ ಮೆಟ್ಟಿಲನ್ನು ಒಂದೇ ಲಯದಲ್ಲಿ ಇಳಿಯುವುದು, ಮುಂದಿನವರ ಬೆನ್ನಿಗೆ ಹಿಂದಿನವರ ಎದೆ ತಾಗುವುದು, ಮುಖ ಮುಖವಾಗಿ ಉಳಿಯದಿರುವುದು ಹೊಸ ಅನುಭವ. ದ್ಯುಶಾಂನ ಚಿತ್ರದಲ್ಲಿ ಒಬ್ಬರೇ ಹಲವರಾಗುತ್ತಾರೆ, ಗ್ರಿಸ್ವೋಲ್ಡ್‌ನಲ್ಲಿ ಹಲವರು ಒಂದಾಗುತ್ತಾರೆ. ಕಾಲದಲ್ಲಿ ಹರಡಿದ ದೇಹವನ್ನು ಅವನು ಜಾಗದಲ್ಲಿ ಇಡುಕಿರಿದ ಜನಸಂದಣಿಯಾಗಿ ಬದಲಾಯಿಸಿದ. ಚಿತ್ರದ ವಿಧಾನ ಅರ್ಥವಾಗದವನಿಗೆ ಇದು ಸಾಧ್ಯವಾಗುವುದಿಲ್ಲ. ಗೇಲಿ ಮಾಡಬೇಕಾದರೂ ಅನುಕರಿಸಬೇಕು, ಅನುಕರಿಸಬೇಕಾದರೆ ಚೆನ್ನಾಗಿ ನೋಡಬೇಕು. ಹಾಸ್ಯಪತ್ರಿಕೆಗಳಲ್ಲಿ ಪಳಗಿದ ಒಬ್ಬನ ಚಿತ್ರಕ್ಕೆ ಅದೇ ಕಸುಬಿನ ಇನ್ನೊಬ್ಬ ಸಮುದ್ರದಾಚೆಯಿಂದ ಉತ್ತರ ಕೊಟ್ಟ ಹಾಗಾಯಿತು.

ನಗದವರೂ ಇದ್ದರು. ಕೆನ್ಯನ್ ಕಾಕ್ಸ್ ಎಂಬ ಹಿರಿಯ ಚಿತ್ರಕಾರ ಮತ್ತು ವಿಮರ್ಶಕ ಈ ಕಲಾವಿದರು ಚಿತ್ರಕಲೆಯನ್ನೇ ನಾಶಮಾಡುತ್ತಿದ್ದಾರೆಂದು ಕೆರಳಿ ಬರೆದ. ಅವನ ಬರಹದಲ್ಲಿ ಬೆದರಿಕೆ ಇದೆ, ನೋವೂ ಇದೆ, ಚಿತ್ರಗಳು ಮಾತ್ರ ಇಲ್ಲ. ಹಾಗೆಂದು ನಗುವೆಲ್ಲ ಮುಗ್ಧವಾಗಿತ್ತು ಎನ್ನಲಾರೆ. ಪ್ರದರ್ಶನ ಮಾರ್ಚ್ 24ರಂದು ಶಿಕಾಗೋದ ಕಲಾಸಂಸ್ಥೆಗೆ ಹೋದಾಗ ಅಲ್ಲಿನ ವಿದ್ಯಾರ್ಥಿಗಳು ಫ್ರೆಂಚ್ ಚಿತ್ರಕಾರ ಮಾತೀಸನ ಮೇಲೆ ಅಣಕು ವಿಚಾರಣೆ ನಡೆಸಿ ಅವನ ನಗ್ನಚಿತ್ರಗಳ ಪ್ರತಿಗಳನ್ನು ಸುಟ್ಟರು. ಇಲಿನಾಯ್ ಸೆನೆಟ್‌ನ ಅನೈತಿಕತೆ ತನಿಖಾ ಸಮಿತಿಯೂ ಪ್ರದರ್ಶನದ ಮೇಲೆ ಕಣ್ಣಿಟ್ಟಿತು. ಆ ಸಿಟ್ಟೆಲ್ಲ ಮಾತೀಸನ ಪಾಲಿಗೆ ಬಂದದ್ದು ಅವನ ಹೆಂಗಸರು ವಕ್ರವಾಗಿದ್ದರೂ ಕಾಣುವಂತಿದ್ದರು ಎಂಬ ಕಾರಣಕ್ಕೇ. ಹೆಸರಿನಲ್ಲೇ ನಗ್ನತೆಯನ್ನು ಸಾರಿಕೊಂಡಿದ್ದ ದ್ಯುಶಾಂನ ಚಿತ್ರದಲ್ಲಿ ಅಶ್ಲೀಲವೆಂದು ಬೊಟ್ಟು ಮಾಡಲು ಏನೂ ಸಿಗುತ್ತಿರಲಿಲ್ಲ.

ಪಂಡಿತರು ಈ ಚಿತ್ರವನ್ನು ಕೈಗೆತ್ತಿಕೊಂಡದ್ದು ಬಹಳ ತಡವಾಗಿ, ಎತ್ತಿಕೊಂಡ ಮೇಲೆ ಬಿಡಲಿಲ್ಲ. ನಾಲ್ಕನೆಯ ಆಯಾಮದ ಗಣಿತ, ಎಕ್ಸ್-ರೇ, ಸಿನಿಮಾ ಎಲ್ಲವೂ ಬಂದವು. ದ್ಯುಶಾಂನ ಒಟ್ಟು ಕೃತಿಗಳಲ್ಲಿ ರಸವಿದ್ಯೆಯ ಗುಟ್ಟುಗಳನ್ನು ಹುಡುಕಿದವರೂ ಇದ್ದಾರೆ. ಕೆಲವು ಒಪ್ಪುವಂಥವೇ. ಆದರೆ ಚಿತ್ರ ತಮಾಷೆಯಾಗಿದೆ ಎಂಬ ಸರಳ ಸಂಗತಿ ಈ ಬರಹಗಳಲ್ಲಿ ಬಹುಮಟ್ಟಿಗೆ ಬಿಟ್ಟುಹೋಗಿದೆ. ನಗ್ನತೆಯ ಭರವಸೆ ಕೊಟ್ಟು ನೋಡುಗರನ್ನು ಕರೆತಂದು, ಅವರ ಕೈಗೆ ಕಂದು ಬಣ್ಣದ ಹಲಗೆಚೂರುಗಳನ್ನು ಕೊಟ್ಟು ಕಳಿಸುವುದರಲ್ಲಿ ಒಂದು ತುಂಟತನವಿದೆ. 1913ರ ಜನಕ್ಕೆ ಅದು ಥಟ್ಟನೆ ತಾಗಿತು.

ನಗುವಿನ ನಡುವೆಯೇ ಚಿತ್ರ ಮಾರಾಟವಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಕಲಾವ್ಯಾಪಾರಿ ಫ್ರೆಡರಿಕ್ ಟೋರಿ ನ್ಯೂಯಾರ್ಕಿನಲ್ಲಿ ಅದನ್ನು ನೋಡಿ ರೈಲು ಹತ್ತಿದ್ದ. ದಾರಿಯುದ್ದಕ್ಕೂ ಅದೇ ಕಾಡಿರಬೇಕು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಇಳಿದು, ತನಗಾಗಿ ತೆಗೆದಿರಿಸಿ ಎಂದು ತಂತಿ ಕಳಿಸಿದ. ಬೆಲೆ 324 ಡಾಲರ್. ದ್ಯುಶಾಂ ಕಳಿಸಿದ್ದ ನಾಲ್ಕೂ ಚಿತ್ರಗಳು ಅಮೆರಿಕದಲ್ಲಿ ಮಾರಿಹೋದವು. ಅತ್ತ ಪ್ಯಾರಿಸ್ಸಿನಲ್ಲಿ ಅವನು ಚಿತ್ರ ಬರೆದು ಬದುಕುವ ಆಲೋಚನೆಯನ್ನೇ ಬಿಟ್ಟು ಸ್ಯಾಂತ್-ಜೆನೆವಿಯೆವ್ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರುತ್ತಿದ್ದ. ಯುದ್ಧ ಬಂದು, ಆರೋಗ್ಯದ ಕಾರಣಕ್ಕೆ ಸೈನ್ಯದಿಂದ ವಿನಾಯಿತಿ ಸಿಕ್ಕಿ, 1915ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ತಾನು ಅಲ್ಲಿ ಪ್ರಸಿದ್ಧನೆಂದು ಗೊತ್ತಾಯಿತು. ಸಂದರ್ಶನಕ್ಕೆ ಪತ್ರಕರ್ತರು ಬಂದರು. ಎರಡು ವರ್ಷದ ಹಿಂದಿನ ನಗು ಅವನಿಗೆ ಹೊಸ ಊರಿನಲ್ಲಿ ನೆಲೆ ಕಟ್ಟಿಕೊಟ್ಟಿತ್ತು.

ಅವನಿಗೆ ಆಶ್ರಯ ಕೊಟ್ಟ ವಾಲ್ಟರ್ ಅರೆನ್ಸ್‌ಬರ್ಗ್‌ಗೆ ಈ ಚಿತ್ರದ ಮೇಲೆ ತೀರದ ಆಸೆ. ಮೂಲ ಟೋರಿಯ ಬಳಿಯಿತ್ತು. 1916ರಲ್ಲಿ ದ್ಯುಶಾಂ ಅದರ ಫೋಟೋವನ್ನು ಮೂಲದ ಅಳತೆಗೆ ಹಿಗ್ಗಿಸಿ, ಮೇಲೆ ಕೈಯಿಂದ ಬಣ್ಣ ಹಚ್ಚಿ ಗೆಳೆಯನಿಗೆ ಕೊಟ್ಟ. ಸಹಿಯ ಜೊತೆಗೆ 'ಮಗ' ಎಂದು ಸೇರಿಸಿದ. 1918ರಲ್ಲಿ ಗೆಳತಿ ಕ್ಯಾರಿ ಸ್ಟೆಟ್‌ಹೈಮರ್ ಕಟ್ಟುತ್ತಿದ್ದ ಬೊಂಬೆಮನೆಯ ಗೋಡೆಗೆಂದು ಬೆರಳುದ್ದದ ಪ್ರತಿಯನ್ನೂ ಬರೆದುಕೊಟ್ಟ. ತನ್ನ ಪ್ರಸಿದ್ಧಿಯ ಚಿತ್ರವನ್ನು ಗೇಲಿ ಮಾಡುವುದರಲ್ಲಿ ಅವನು ಗ್ರಿಸ್ವೋಲ್ಡ್‌ಗಿಂತ ಹಿಂದೆ ಬೀಳಲಿಲ್ಲ. 1917ರಲ್ಲಿ ನ್ಯೂಯಾರ್ಕಿನ ಸ್ವತಂತ್ರ ಕಲಾವಿದರ ಸಂಘ ಪ್ಯಾರಿಸ್ಸಿನ ಮಾದರಿಯಲ್ಲೇ ತೀರ್ಪುಗಾರರಿಲ್ಲದ ಪ್ರದರ್ಶನ ನಡೆಸಿತು. ದ್ಯುಶಾಂ ಅದರ ನಿರ್ದೇಶಕರಲ್ಲೊಬ್ಬ. ಬೇರೊಂದು ಹೆಸರಿನಲ್ಲಿ ಬಂದ ಪಿಂಗಾಣಿ ಮೂತ್ರಪಾತ್ರೆಯೊಂದನ್ನು ಸಂಘ ಪ್ರದರ್ಶಿಸದೆ ಬಚ್ಚಿಟ್ಟಾಗ ರಾಜೀನಾಮೆ ಕೊಟ್ಟು ಹೊರನಡೆದ. ಬಾಗಿಲು ತೆರೆದಿದೆ ಎನ್ನುವವರು ಎಲ್ಲಿ ಅಗುಳಿ ಹಾಕುತ್ತಾರೆಂಬುದು ಅವನಿಗೆ ನ್ಯೂಯಿಯ ಆ ಭೇಟಿಯಿಂದಲೇ ಗೊತ್ತಿತ್ತು.

1919ರಲ್ಲಿ ಅರೆನ್ಸ್‌ಬರ್ಗ್ ಟೋರಿಯಿಂದ ಮೂಲವನ್ನು ಸಾವಿರ ಡಾಲರಿಗೆ ಕೊಂಡ. ದಂಪತಿ ತಮ್ಮ ಸಂಗ್ರಹವನ್ನೆಲ್ಲ 1950ರಲ್ಲಿ ಫಿಲಡೆಲ್ಫಿಯಾದ ಕಲಾ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. 1954ರಿಂದ ಚಿತ್ರ ಅಲ್ಲಿದೆ.

ಊರು ಆಕಸ್ಮಿಕ, ಆದರೆ ಎಂಥ ಆಕಸ್ಮಿಕ! ಮೈಬ್ರಿಜ್ 1884ರಿಂದ ತನ್ನ ಕ್ಯಾಮೆರಾಗಳನ್ನು ಸಾಲಾಗಿ ಹೂಡಿ ನಗ್ನ ಮಾಡೆಲ್‌ಗಳನ್ನು ಮೆಟ್ಟಿಲಿಳಿಸಿದ್ದು ಅದೇ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಆ ಕೆಲಸದ ಮೇಲ್ವಿಚಾರಣೆಗೆ ನೇಮಿಸಿದ ಸಮಿತಿಯಲ್ಲಿ ಥಾಮಸ್ ಈಕಿನ್ಸ್ ಎಂಬ ಚಿತ್ರಕಾರನಿದ್ದ. ಮೈಬ್ರಿಜ್‌ನ ಬಿಡಿಬಿಡಿ ಚೌಕಟ್ಟುಗಳು ಅವನಿಗೆ ಸಾಲದೆ, ಮರೇಯ ವಿಧಾನವನ್ನು ಅನುಸರಿಸಿ ಓಡುವ, ನೆಗೆಯುವ ನಗ್ನ ಗಂಡಸರನ್ನು ಒಂದೇ ಫಲಕದ ಮೇಲೆ ಹಲವು ಸಲ ಮೂಡಿಸಿದ. ದ್ಯುಶಾಂ ಹುಟ್ಟುವ ಮೊದಲೇ ನಡೆದ ಕೆಲಸವಿದು. 1886ರಲ್ಲಿ ಅದೇ ಊರಿನ ಕಲಾಶಾಲೆಯ ತರಗತಿಯಲ್ಲಿ, ವಿದ್ಯಾರ್ಥಿನಿಯರ ಎದುರು, ಪುರುಷ ಮಾಡೆಲ್‌ನ ಸೊಂಟದ ಬಟ್ಟೆಯನ್ನು ತೆಗೆದದ್ದಕ್ಕೆ ಈಕಿನ್ಸ್ ಪ್ರಾಧ್ಯಾಪಕ ಹುದ್ದೆ ಬಿಡಬೇಕಾಯಿತು. ಅವನ ಹೆಂಡತಿ ಸೂಸನ್, ಗಂಡ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಮನೆಯಲ್ಲಿ ಉಳಿದಿದ್ದ ಚಿತ್ರಗಳ ದೊಡ್ಡ ಪಾಲನ್ನು ಒಯ್ದು ಕೊಟ್ಟದ್ದು ಇದೇ ವಸ್ತುಸಂಗ್ರಹಾಲಯಕ್ಕೆ.